ಎರಡಡಿ ಹಲಗೆಯ ಕಾಡು

ಅವರ ಬಲಗಣ್ಣಿನ ಸುತ್ತ ಬಳೆಯ ಅಚ್ಚಿನಂಥ ಒಂದು ಗುರುತಿತ್ತು. ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕಪ್ಪು ಭೂತಗನ್ನಡಿ ಇರುತ್ತದಲ್ಲ, ಅದನ್ನು ವರ್ಷಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ಒತ್ತಿ ಹಿಡಿದು ಬಿದ್ದ ಗುರುತು. ಮೋರೆ ತೊಳೆದರೂ ಹೋಗುತ್ತಿರಲಿಲ್ಲ. ಊರ ಮದುವೆಗಳ ಫೋಟೋ ತೆಗೆಯುವಾಗ ಗುಂಪಿನಲ್ಲಿ ಅವರು ಎಲ್ಲಿ ನಿಂತಿದ್ದರೂ ಆ ಗುರುತಿನಿಂದಲೇ ನನಗೆ ಸಿಗುತ್ತಿದ್ದರು.

ಕೊಪ್ಪದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ. ಪಕ್ಕದ ಮಳಿಗೆ ಅವರ ವಾಚಿನ ಅಂಗಡಿ. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದು ನಿವೃತ್ತಿಯಾಗಿ ಬಂದವರು, ಹಾಗಾಗಿ ಊರಿಗೆಲ್ಲ ಹವಾಲ್ದಾರ್ರು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ಜುಲೈ ತಿಂಗಳ ಒಂದು ಮಧ್ಯಾಹ್ನ ಅವರ ಅಂಗಡಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಅವರು, ಊಟದ ಕ್ಯಾರಿಯರ್ ತಂದಿದ್ದ ಅವರ ಹೆಂಡತಿ, ಗಿರಾಕಿ ಇಲ್ಲದೆ ಹರಟೆಗೆ ಬಂದಿದ್ದ ನಾನು, ಮತ್ತೆ ಸ್ವಾತಂತ್ರ್ಯೋತ್ಸವ ಸಮಿತಿಯ ಕಾರ್ಯದರ್ಶಿ. ಕಾರ್ಯದರ್ಶಿಯವರದು ಅಡಿಕೆ ಮಂಡಿ. ಮಾತೂ ಮಂಡಿಯ ಮಾತೇ, ಜೋರು.

"ಮೂರು ತಾಲೂಕಿನ ಮಾಜಿ ಸೈನಿಕರಿಗೆ ಸನ್ಮಾನ ಹವಾಲ್ದಾರ್ರೇ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ. ಲಿಸ್ಟಲ್ಲಿ ನಿಮ್ಮ ಹೆಸರೇ ಮೊದಲು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಉಂಟು."

"ಶಾಲು ಎಂತಕ್ಕೆ ಮಾರಾಯ್ರೆ? ಈ ಮಳೇಲಿ ಒಗೆದ್ರೆ ಒಣಗಲ್ಲ. ಒಂದು ಕೊಡೆ ಕೊಡಿ, ಪುಣ್ಯ ಬರ್ತದೆ" ಎಂದು ನಗುತ್ತ ಅವರು ಪಟ್ಟಿ ತೆಗೆದುಕೊಂಡರು. ಬೆರಳಿಟ್ಟು ಒಂದೊಂದೇ ಹೆಸರು ಓದುತ್ತ ಹೋದವರು ಒಂದು ಕಡೆ ನಿಂತುಬಿಟ್ಟರು. ಹೆಂಡತಿ ಬಗ್ಗಿ ನೋಡಿದರು. "ಇವ್ರು ಶೆಟ್ಟಿಕೊಪ್ಪದವರಲ್ದಾ?" ಎಂದರು. ಹವಾಲ್ದಾರರು ಕಾರ್ಯದರ್ಶಿಯ ಕಡೆ ತಿರುಗಿದರು.

"ಇವನು ಬರ್ತಾನೆ ಅಂದನಾ?"

"ಬರ್ತೀನಿ ಅಂದಿದಾರೆ. ಒಂದು ಕಾಲು ಇಲ್ಲವಲ್ಲ ಪಾಪ, ಜೀಪು ಕಳಿಸ್ತೀವಿ ಅಂದ್ವಿ. ಬ್ಯಾಡ, ಬಸ್ಸಲ್ಲೇ ಬರ್ತೀನಿ ಅಂದ್ರು."

ಹವಾಲ್ದಾರರು ಪಟ್ಟಿಯನ್ನು ಮಡಿಸಿ ವಾಪಸು ಕೊಟ್ಟರು. "ಪುರಭವನದಲ್ಲಿ ವಸ್ತುಪ್ರದರ್ಶನ ಇಡ್ತೀರಲ್ಲ, ಅಲ್ಲಿ ನಂಗೊಂದು ಮೇಜು ಬೇಕು."

"ಎಂತ ಇಡ್ತೀರಿ? ಹಳೇ ಗಡಿಯಾರನಾ?"

"ಒಂದು ಕಾಡು ಇಡ್ತೀನಿ" ಎಂದರು.

ಕಾರ್ಯದರ್ಶಿ ಹೋದ ಮೇಲೆ, ಕ್ಯಾರಿಯರ್ ಬಿಚ್ಚದೆ ಕೂತಿದ್ದ ಹವಾಲ್ದಾರರು ನನಗೆ ವಿಷಯ ಹೇಳಿದರು. ಬಹಳ ಚುಟುಕಾಗಿ, ಕೆಟ್ಟ ವಾಚಿನ ಒಳಗೆ ಎಂಥ ಆಗಿದೆ ಎಂದು ಗಿರಾಕಿಗೆ ಹೇಳುವ ಹಾಗೆ. ಈಶಾನ್ಯದ ಕಡೆಯ ಒಂದು ಕಾಡು. ಇವರು ಎಂಟು ಜನರ ತುಕಡಿಯ ಮುಖ್ಯಸ್ಥ. ಆ ಎಂಟರಲ್ಲಿ ಮಲೆನಾಡಿನವರು ಇಬ್ಬರೇ, ಇವರು ಮತ್ತು ಶೆಟ್ಟಿಕೊಪ್ಪದ ಗೆಳೆಯ. ಹಾಗಾಗಿ ಕನ್ನಡ ಮಾತಾಡಲು ಒಬ್ಬರಿಗೆ ಇನ್ನೊಬ್ಬರೇ ಗತಿ. ಅಲ್ಲಿಯೂ ಮಳೆಗಾಲ. ಬೆಳಿಗ್ಗೆ ಚಹಾ ಕುಡಿಯುವಾಗ ಊರ ಊಟದ ಮಾತು ಬಂದಿತ್ತು. ಊರಲ್ಲಿ ಈಗ ಬಿದಿರಿನ ಎಳೆ ಮೊಳಕೆ, ಕಳಲೆ, ಎದ್ದಿರುತ್ತದೆ, ಹೆಚ್ಚಿ ನೀರಲ್ಲಿ ನೆನೆಸಿಟ್ಟಿರುತ್ತಾರೆ, ಪಲ್ಯ ಮಾಡುತ್ತಾರೆ ಎಂದೆಲ್ಲ. "ದಾರೀಲಿ ಸಿಕ್ಕಿದ್ರೆ ನಾಲ್ಕು ಮುರ್ಕಂಡು ಬರದಾ?" ಎಂದದ್ದು ಇವರೇ. ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬಾರದು ಎನ್ನುವುದು ನಿಯಮ. ಅದನ್ನು ಎಂಟು ಜನಕ್ಕೂ ದಿನಾ ಹೇಳುತ್ತಿದ್ದವರೂ ಇವರೇ.

"ಅವನು ಬಿದಿರು ಮೆಳೆ ಕಡೆಗೆ ದಾರಿ ಬಿಟ್ಟಿದ್ದನ್ನ ನಾನು ಕಂಡೆ ತಮಾ. ಕಂಡು, ಕೈಗಡಿಯಾರ ನೋಡಿದೆ. ಟೈಮು ನೋಡೋ ಕೆಲಸ ಆವಾಗ ಎಂತದೂ ಇರ್ಲಿಲ್ಲ. ನಾಲ್ಕು ಕಳಲೆ ಮುರಿಯಕ್ಕೆ ಎಷ್ಟೊತ್ತು ಅಂತ ಸುಮ್ನಾದೆ."

ನೆಲದಲ್ಲಿ ಹುಗಿದಿಟ್ಟಿದ್ದು ಸಿಡಿಯಿತು. ಗೆಳೆಯನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆಸ್ಪತ್ರೆಗೆ ಒಯ್ದ ಮೇಲೆ ಇಬ್ಬರೂ ಮತ್ತೆ ಮುಖ ನೋಡಿರಲಿಲ್ಲ. ಇವರು ನಿವೃತ್ತಿಯಾಗಿ ಬಂದು ಅಂಗಡಿ ಇಟ್ಟು ಹನ್ನೆರಡು ವರ್ಷವಾಗಿತ್ತು. ಎನ್.ಆರ್. ಪುರದ ಬಸ್ಸು ಹತ್ತಿದರೆ ಶೆಟ್ಟಿಕೊಪ್ಪ ಎಷ್ಟು ದೂರ? ಒಂದು ದಿನವೂ ಹತ್ತಿರಲಿಲ್ಲ.

"ಈಗ ಅವನೇ ಬರ್ತಿದಾನೆ. ನಂಗೆ ಬಾಯಲ್ಲಿ ಹೇಳಕ್ಕೆ ಬರಲ್ಲ. ಆ ಜಾಗ ಮಾಡಿ ಇಡ್ತೀನಿ. ಯಾರು ಎಲ್ಲಿದ್ರು ಅಂತ ನೋಡ್ಲಿ. ಬೈಯದಾದ್ರೆ ಎದುರಿಗೇ ಬೈಲಿ."

ಅವರು ಕಳಲೆ ತಿನ್ನುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಪಿತ್ತಕ್ಕೆ ಆಗುವುದಿಲ್ಲವೇನೋ ಅಂದುಕೊಂಡಿದ್ದೆ. ಹುಲ್ಲಿನ ಮೇಲೆ ಕಾಲಿಡದೆ ಯಾವಾಗಲೂ ಟಾರಿನ ಅಂಚಿನಲ್ಲೇ ನಡೆಯುತ್ತಿದ್ದದ್ದನ್ನೂ ನೋಡಿದ್ದೆ. ರಕ್ತ ಹೀರುವ ಇಂಬಳದ ಹೆದರಿಕೆ ಅಂದುಕೊಂಡಿದ್ದೆ. ಹನ್ನೆರಡು ವರ್ಷ ಗೋಡೆಗೆ ಗೋಡೆ ಹೊಂದಿಸಿಕೊಂಡು ಕೂತಿದ್ದರೂ ನಮಗೆ ಗೊತ್ತಿರುವುದು ಇಷ್ಟೇ.

ಅಂಥ ಮಾದರಿಯನ್ನು ಅವರೂ ಮಾಡಿದವರಲ್ಲ, ನಾನೂ ಅಲ್ಲ. ಇದ್ದದ್ದು ಮೂರೇ ವಾರ. ದುಡ್ಡು ಎಂದರೆ ಅವರು ಮೇಜಿನ ಡ್ರಾದಿಂದ ತೆಗೆದಿಟ್ಟ ಮುನ್ನೂರು ರೂಪಾಯಿ. "ಇದರೊಳಗೆ ಕಾಡು ಮುಗೀಬೇಕು. ಸರ್ಕಾರ ಕೂಡ ಗಿಡ ನೆಡಕ್ಕೆ ಇದಕ್ಕಿಂತ ಜಾಸ್ತಿ ಕೊಡಲ್ಲ" ಎಂದರು.

ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ ತುಂಡು ಬಡಗಿಯ ಹತ್ತಿರ ಪುಕ್ಕಟೆ ಸಿಕ್ಕಿತು. ನೆಲ ಮಾಡಿಕೊಟ್ಟವರು ಅಕ್ಕ, ಎಂದರೆ ಅವರ ಹೆಂಡತಿ. ಹಳೇ ಪೇಪರನ್ನು ಎರಡು ದಿನ ನೆನೆಸಿ, ಮೆಂತ್ಯ ಸೇರಿಸಿ ಒರಳಲ್ಲಿ ರುಬ್ಬಿ, ಹಿಂದೆ ಮನೆಗಳಲ್ಲಿ ಬುಟ್ಟಿಗೆ ಮೆತ್ತುತ್ತಿದ್ದರಲ್ಲ, ಅದೇ ಹಿಟ್ಟು. "ದೇಶ ಕಾಯೋರಿಗೆ ನೆಲ ರುಬ್ಬಿ ಕೊಡೋ ಕೆಲಸ ನಂದಾತು ನೋಡಿ" ಎಂದು ಅಕ್ಕ ಗೊಣಗಿದರೂ ಗುಡ್ಡ, ಹಳ್ಳ ಎಲ್ಲ ತಾವೇ ತಟ್ಟಿದರು. ಆ ಮಳೆಯಲ್ಲಿ ಅದು ಒಣಗಬೇಕಲ್ಲ? ನಾಲ್ಕನೆಯ ದಿನಕ್ಕೆ ಗುಡ್ಡದ ಮೇಲೆ ಬಿಳಿ ಬೂಸ್ಟು ಬಂತು. "ಅಲ್ಲಿ ಹಿಮ ಬೀಳ್ತಿರ್ಲಿಲ್ಲ ಮಾರಾಯ್ತಿ" ಎಂದು ಇವರು ಹೆಂಡತಿಯನ್ನು ಛೇಡಿಸಿದರು. ಕೊನೆಗೆ ಹಲಗೆಯನ್ನು ನನ್ನ ಸ್ಟುಡಿಯೋಕ್ಕೆ ತಂದು, ಫೋಟೋ ತೆಗೆಯುವ ದೊಡ್ಡ ದೀಪಗಳ ಎದುರು ಇಟ್ಟೆವು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಮೆಂತ್ಯದ ವಾಸನೆಗೆ ಮೂಗು ಮುರಿದುಕೊಂಡೇ ಕೂರುತ್ತಿದ್ದರು. ಆ ತಿಂಗಳ ಫೋಟೋಗಳಲ್ಲಿ ಊರಿನವರೆಲ್ಲ ಸಿಟ್ಟಾಗಿದ್ದಾರೆ.

ಮರಗಳಿಗೆ ಕಾಫಿ ಗಿಡದ ಬೇರು, ಅಡಿಕೆ ಗೊನೆಯಿಂದ ಕಾಯಿ ಬಿಡಿಸಿದ ಮೇಲೆ ಉಳಿಯುವ ಒಣ ಕಡ್ಡಿ. ಅದನ್ನು ತಲೆಕೆಳಗು ನಿಲ್ಲಿಸಿದರೆ ಕೊಂಬೆ ರೆಂಬೆ ಸಮೇತ ಮರವೇ. ನೆಲದ ತರಗೆಲೆಗೆ, ಹೋಟೆಲಿನವರು ಸೋಸಿ ಎಸೆದ ಚಹಾಪುಡಿಯನ್ನು ಒಣಗಿಸಿ ಉದುರಿಸಿದೆವು. ಸುಟ್ಟ ಮೋಟಾರಿನ ತಂತಿ ಬಳ್ಳಿಯಾಯಿತು. ಬಿದಿರಿಗೆ ಪೊರಕೆಕಡ್ಡಿ, ಗೆಣ್ಣು ಕಾಣಲು ಅವರು ಒಂದೊಂದಕ್ಕೂ ಭೂತಗನ್ನಡಿ ಹಾಕಿಕೊಂಡು ದಾರ ಸುತ್ತಿದರು. ಗೋಡೆಯ ಪಾಚಿಯನ್ನು ಹೆರೆದು ತಂದು ಹಳ್ಳದ ದಡಕ್ಕೆ ಅಂಟಿಸಿದ್ದು ನಾನು. ಮಾರನೆಯ ದಿನ ಅದರೊಳಗಿಂದ ಒಂದು ಇಂಬಳ ಎದ್ದು, ಹೆಬ್ಬಾವಿನ ಹಾಗೆ ಮರಗಳ ಮಧ್ಯೆ ತಲೆಯಾಡಿಸುತ್ತ ಹೊರಟಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಷ್ಟು ದಿನ ಮಾಡಿದ್ರಲ್ಲಿ ಇದೊಂದೇ ನೋಡು ನಿಜವಾದ್ದು."

ಮೊದಲ ಸಲ ಮರ ನೆಡುವ ಕೆಲಸವನ್ನು ನನಗೇ ಬಿಟ್ಟಿದ್ದರು. ನಾನು ಶ್ರದ್ಧೆಯಿಂದ ನೆಟ್ಟು ಕರೆದೆ. ಅವರು ಬಂದು ಸುತ್ತ ಒಂದು ಬಾರಿ ನೋಡಿದರು.

"ಇದು ತೋಟ ಆತಲ್ಲ ಮಾರಾಯ."

ನೋಡಿದರೆ ಹೌದು. ನನಗೇ ಗೊತ್ತಿಲ್ಲದಂತೆ, ಅಡಿಕೆ ಸಸಿ ನೆಡುವ ಹಾಗೆ ಅಂತರ ಹಿಡಿದು ಸಾಲಾಗಿ ನೆಟ್ಟುಬಿಟ್ಟಿದ್ದೆ. ನಡುವೆ ಬಸಿಗಾಲುವೆ ತೆಗೆದಿರಲಿಲ್ಲ, ಅಷ್ಟೇ.

"ಕಾಡಲ್ಲಿ ಸಾಲು ಇರಲ್ಲ ತಮಾ. ಸಾಲಿದ್ದಿದ್ರೆ ಮನುಷ್ಯ ಎಲ್ಲಿ ಹೋದ ಅಂತ ಕಾಣ್ತಿತ್ತು" ಎಂದು ಅವರೇ ಕೂತು ಎಲ್ಲವನ್ನೂ ಕಿತ್ತು, ಒತ್ತೊತ್ತಾಗಿ, ಕೆಲವನ್ನು ಬಾಗಿಸಿ, ಒಂದನ್ನು ಬೀಳಿಸಿ ನೆಟ್ಟರು. ಆಮೇಲೆ ಹಲಗೆಯ ಈ ತುದಿಯಿಂದ ಆ ತುದಿಗೆ ಬೆರಳಗಲದ ಕಾಲುದಾರಿ ಬಿಡಿಸಿದರು. ಕೈ ನಡುಗದ ಮನುಷ್ಯ. ಆ ದಾರಿ ಬಿಡಿಸುವಾಗ ಮಾತ್ರ ಎರಡು ಸಲ ಒರೆಸಿ ಬರೆದರು.

ಮುನ್ನೂರರಲ್ಲಿ ಖರ್ಚಾದದ್ದು ಬಣ್ಣ, ಗೋಂದು, ಮತ್ತು ಶೃಂಗೇರಿಯ ಆಟಿಕೆ ಅಂಗಡಿಯಿಂದ ತಂದ ಒಂದು ಪೊಟ್ಟಣ ಪ್ಲಾಸ್ಟಿಕ್ ಸೈನಿಕರು. ಎರಡಂಗುಲದ ಹಸಿರು ಬೊಂಬೆಗಳು. ಎಲ್ಲ ಒಂದೋ ಬಂದೂಕು ಗುರಿಯಿಟ್ಟವು, ಇಲ್ಲ ಬಾಂಬು ಎಸೆಯುವವು. ಅವರು ಒಂದನ್ನು ಕೈಯಲ್ಲಿ ತಿರುಗಿಸುತ್ತ, "ಇವನು ಯಾವಾಗ್ಲೂ ಗುಂಡು ಹೊಡೀತಾನೇ ಇರ್ತಾನಲ್ಲ, ಉಣ್ಣದು ಯಾವಾಗ?" ಎಂದರು. ಸ್ಪಿರಿಟ್ ದೀಪಕ್ಕೆ ಹಿಡಿದು ಬಿಸಿ ಮಾಡಿ, ಚಿಮಟದಿಂದ ಕೈಕಾಲು ಬಗ್ಗಿಸಿ, ಒಬ್ಬೊಬ್ಬನನ್ನೇ ನಡೆಯುವವನನ್ನಾಗಿ ಮಾಡಿದರು. ಒಬ್ಬ ಬೂಟಿನ ಲೇಸು ಕಟ್ಟುತ್ತಿದ್ದ. ಒಬ್ಬ ನೀರು ಕುಡಿಯುತ್ತಿದ್ದ. ಒಬ್ಬನಿಗೆ ಎಡಗೈ ಎತ್ತಿ, ತಲೆ ಆ ಕಡೆ ತಿರುಗಿಸಿ, ಗಡಿಯಾರ ನೋಡುವ ಭಂಗಿ. ಅದು ಯಾರೆಂದು ನಾನು ಕೇಳಲಿಲ್ಲ. ದಾರಿಯಿಂದ ಆಚೆ, ಬಿದಿರು ಮೆಳೆಯ ಬುಡದಲ್ಲಿ, ಬಗ್ಗಿದವನೊಬ್ಬ. ಅವನ ಎದುರಿನ ಕಳಲೆಗಳನ್ನು ನಾನೇ ಮಾಡಿದೆ. ಕಡ್ಡಿಯ ಚೂಪು ತುದಿಗೆ ಬೆಳ್ಳುಳ್ಳಿ ಸಿಪ್ಪೆ ಸುತ್ತಿದರೆ ಥೇಟು ಕಳಲೆ. ಅವರು ಆ ಮೂಲೆಗೆ ಭೂತಗನ್ನಡಿ ಹಾಕಿಕೊಂಡು ನೋಡಲೇ ಇಲ್ಲ.

ಆಗಸ್ಟ್ ಹದಿನೈದಕ್ಕೆ ಪುರಭವನದಲ್ಲಿ ನಮ್ಮ ಪಕ್ಕದ ಮೇಜಿನ ಮೇಲೆ ಥರ್ಮೋಕೋಲಿನ ಕೆಂಪುಕೋಟೆ. ಅದಕ್ಕೆ ಸೀರಿಯಲ್ ಲೈಟು ಬೇರೆ. ಜನ ಅಲ್ಲೇ ಮುಗಿಬಿದ್ದರು. ನಮ್ಮ ಕಡೆ ಬಂದ ಕಾರ್ಯದರ್ಶಿಯವರು ಹುಡುಕಿ ಹುಡುಕಿ ನೋಡಿದರು.

"ಚೆನ್ನಾಗುಂಟು ಹವಾಲ್ದಾರ್ರೇ. ಆದ್ರೆ ಶತ್ರು ಎಲ್ಲಿ?"

"ಕಾಣಲ್ಲ."

"ಕಾಣದಿದ್ರೆ ಹೆಂಗೆ? ಒಂದಿಷ್ಟು ಹೊಗೆ, ಬೆಂಕಿ ಅಂತ ಹತ್ತಿ ಅಂಟಿಸಬಹುದಿತ್ತಲ್ಲ. ಒಂದು ಬಾವುಟನೂ ಇಲ್ಲ. ಇವನ್ಯಾರು, ಯುದ್ಧದಲ್ಲಿ ಟೈಮು ನೋಡ್ತಾ ನಿಂತವನು? ಅಂಗಡಿಗೆ ಅಡ್ವಟೈಸಾ?" ಎಂದು ನಕ್ಕರು.

ಹವಾಲ್ದಾರರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಅವರ ಕಣ್ಣು ಬಾಗಿಲ ಕಡೆಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಬೆನ್ನಿನ ಮೇಲೆ ಬೆವರಿನ ಪಟ್ಟೆ ಮೂಡಿತ್ತು. ಹೊರಗೆ ಚಳಿ ಹಿಡಿಸುವ ಮಳೆ.

ಶೆಟ್ಟಿಕೊಪ್ಪದವರು ಹನ್ನೊಂದು ಗಂಟೆಯ ಹೊತ್ತಿಗೆ ಬಂದರು. ಎತ್ತರದ ಆಳು, ಪಂಚೆಯ ಕೆಳಗೆ ಕೃತಕ ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ. ನಡೆಯುವಾಗ ಸ್ವಲ್ಪ ವಾಲುತ್ತಿದ್ದರು, ಕೋಲು ಇರಲಿಲ್ಲ. ಕೆಂಪುಕೋಟೆಯನ್ನು ದಾಟಿ ನಮ್ಮ ಮೇಜಿಗೆ ಬಂದು ನಿಂತರು. ಹವಾಲ್ದಾರರನ್ನು ನೋಡಲಿಲ್ಲ, ಹಲಗೆಯನ್ನೇ ನೋಡಿದರು. ಎಡ ತುದಿಯಿಂದ ಶುರುಮಾಡಿ ದಾರಿಯ ಗುಂಟ ಕಣ್ಣು ಸರಿಸುತ್ತ, ಒಬ್ಬೊಬ್ಬ ಸೈನಿಕನ ಹತ್ತಿರವೂ ನಿಂತು, ಬಾಯಲ್ಲಿ ಹೆಸರು ಹೇಳಿಕೊಂಡರು. ಲೇಸು ಕಟ್ಟುವವನನ್ನು ಕಂಡು ಮೂಗಿನಲ್ಲಿ ನಕ್ಕರು. "ಇವಂದು ಯಾವಾಗ್ಲೂ ಬಿಚ್ಚೋಗದು." ಆಮೇಲೆ ಬಿದಿರು ಮೆಳೆ. ಅಲ್ಲಿ ಬಹಳ ಹೊತ್ತು ನಿಂತರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಈ ಕಳಲೆ ಯಾರು ಮಾಡಿದ್ದು?"

ಹವಾಲ್ದಾರರು ನನ್ನ ಕಡೆ ನೋಡಿದರು. "ನಾನು" ಎಂದೆ.

"ನೀನು ಪ್ಯಾಟೆಯವನು ಕಾಣ್ತದೆ. ಎದೆ ಮಟ್ಟ ಬಂದಿದ್ದನ್ನ ಯಾರಾದ್ರೂ ಮುರಿತಾರನಾ? ಒಳಗೆ ಬರೀ ಕಟ್ಟಿಗೆ. ಇಷ್ಟುದ್ದದ ಕಳಲೆಗೆ ನಾನು ಕಾಲು ಕೊಟ್ಟೆ ಅಂದ್ರೆ ಶೆಟ್ಟಿಕೊಪ್ಪದಲ್ಲಿ ಮರ್ಯಾದೆ ಉಳಿಯಲ್ಲ."

ಅವರು ಬಗ್ಗಿ, ಉಗುರಿನಿಂದ ಒಂದೊಂದೇ ಕಳಲೆಯನ್ನು ಅರ್ಧಕ್ಕೆ ಚಿವುಟಿದರು. ಆಮೇಲೆ ಗಡಿಯಾರ ನೋಡುತ್ತಿದ್ದ ಬೊಂಬೆಯನ್ನು ಹಿಡಿದು ಅಲ್ಲಾಡಿಸಿದರು. ಗೋಂದು ಬಿಟ್ಟು ಅದು ಕೈಗೆ ಬಂತು.

"ನೀನು ಹೀಗೆ ನಿಂತಿರ್ಲಿಲ್ಲ."

"ನಿಂತಿದ್ದೆ" ಎಂದರು ಹವಾಲ್ದಾರರು. "ನೀನು ಹೋಗದನ್ನ ನೋಡಿ, ನೋಡ್ಲಿಲ್ಲ ಅನ್ನೋ ಹಂಗೆ ನಿಂತಿದ್ದೆ. ಬೆಳಿಗ್ಗೆ ತರದಾ ಅಂದಿದ್ದೂ ನಾನೇ."

"ನೀ ಹೇಳದ್ರೊಳಗೆ ನಾನು ಹಿಂದಿನ ದಿನನೇ ಆ ಮೆಳೆ ಕಂಡಿಟ್ಟಿದ್ದೆ ಮಾರಾಯ. ನನ್ನ ನಾಲಿಗೆಗೆ ನೀ ಯಾಕೆ ಹಕ್ಕುದಾರ ಆಗ್ತಿ? ಮೊದಲಿಗೆ ಗಡಿಯಾರ ನೋಡಿದ್ಯೋ ಎಂತದೋ, ನಂಗೆ ಬೆನ್ನಲ್ಲಿ ಕಣ್ಣಿರ್ಲಿಲ್ಲ. ಆಮೇಲೆ ನೀ ಕೂಗಿದ್ದು ಕೇಳ್ತು. 'ಏ, ಬಾರಾ ಈ ಕಡೆ' ಅಂತ ಕೂಗಿದೆ. ನಾನು ಕೇಳ್ಲಿಲ್ಲ ಮಾಡ್ಕಂಡೆ. ಅಷ್ಟೇ ಆಗಿದ್ದು."

ಹಾಗೆಂದವರು ಆ ಬೊಂಬೆಯನ್ನು ಮೆಳೆಯ ಕಡೆ ಮುಖ ಮಾಡಿ, ದಾರಿಯ ಅಂಚಿಗೆ ತಂದು, ಚಹಾಪುಡಿಯ ನೆಲಕ್ಕೆ ಒತ್ತಿ ನಿಲ್ಲಿಸಿದರು. ಎತ್ತಿದ ಎಡಗೈ ಈಗ ಯಾರನ್ನೋ ಕರೆಯುವ ಹಾಗೆ ಕಾಣುತ್ತಿತ್ತು. ಅದು ಬೀಳುತ್ತದೇನೋ ಎಂದು ಹವಾಲ್ದಾರರು ಕೈ ಚಾಚಿದರು. ಬೀಳಲಿಲ್ಲ.

"ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ಕಾದೆ ನಾನು" ಎಂದರು ಶೆಟ್ಟಿಕೊಪ್ಪದವರು. ಜಗಳದ ದನಿ ಬಂದದ್ದು ಆಗ ಮಾತ್ರ. "ಕಾಲು ಹೋಗಿದ್ದಕ್ಕಲ್ಲ, ಇದಕ್ಕೆ ನಂಗೆ ಸಿಟ್ಟು. ಬಸ್ಸಿಗೆ ದುಡ್ಡಿರ್ಲಿಲ್ವನಾ ನಿನ್ನ ಹತ್ರ?"

ಹವಾಲ್ದಾರರಿಗೆ ಅಳು ಬಂತು. ಕಣ್ಣಿನ ಸುತ್ತಲ ಗುರುತು ಕೆಂಪಾಯಿತು. ಅಕ್ಕ ಮುಂದೆ ಬಂದು, "ಮೊದ್ಲು ಚಾ ಕುಡೀರಿ, ಆಮೇಲೆ ಬೈದಾಡಿ" ಎಂದು ಇಬ್ಬರನ್ನೂ ಕುರ್ಚಿಗೆ ಕೂರಿಸಿದರು. ಸನ್ಮಾನಕ್ಕೆ ಹೆಸರು ಕೂಗಿದಾಗ ಇಬ್ಬರೂ ಒಟ್ಟಿಗೇ ವೇದಿಕೆ ಹತ್ತಿದರು. ಮೊದಲ ಬಹುಮಾನ ಕೆಂಪುಕೋಟೆಗೆ ಬಂತು. ನಮ್ಮದಕ್ಕೆ ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಲೋಟ.

ಹಲಗೆಯನ್ನು ಹೊತ್ತು ಅಂಗಡಿಗೆ ವಾಪಸು ಬರುವಾಗ ದಾರಿಯಲ್ಲಿ ಅವರು ಥಟ್ಟನೆ ನಿಂತರು.

"ತಮಾ, ನಾನು ಕೂಗಿದ್ನಾ?"

"ಅವ್ರು ಹೇಳಿದ್ರಲ್ಲ."

"ನಂಗೆ ಕೂಗಿದ ನೆನಪಿಲ್ಲ. ಅವನು ಸುಳ್ಳು ಹೇಳೋ ಜನ ಅಲ್ಲ." ಸ್ವಲ್ಪ ದೂರ ನಡೆದು ಮತ್ತೆ, "ಇವತ್ತೊಂದು ಸುಳ್ಳು ಹೇಳಿದಾನೋ ಏನೋ" ಎಂದರು. ಮುಂದಿನ ಭಾನುವಾರ ಎನ್.ಆರ್. ಪುರದ ಮೊದಲ ಬಸ್ಸಿಗೆ ಹೋದರು. ಆಮೇಲಿನ ಭಾನುವಾರಗಳಲ್ಲಿಯೂ ಹೋದರು. ಕೆಲವು ಸಲ ಶೆಟ್ಟಿಕೊಪ್ಪದವರೇ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಇಬ್ಬರೂ ಅಡಿಕೆ ರೇಟು, ಮಂಗನ ಕಾಟ, ಗಂಟಲು ಕೆರೆತ ಇಂಥದ್ದನ್ನೇ ಮಾತಾಡುತ್ತಿದ್ದರು. ಕಾಡಿನ ಮಾತು ನನ್ನ ಕಿವಿಗೆ ಬೀಳಲಿಲ್ಲ.

ನಾನು ಮೂವತ್ತು ವರ್ಷ ಫೋಟೋ ತೆಗೆದವನು. ಗುಂಪಿನಲ್ಲಿ ಯಾರು ಯಾರ ಪಕ್ಕ ನಿಲ್ಲಬೇಕು, ಯಾರ ಮುಖ ಯಾವ ಕಡೆ ಇರಬೇಕು ಎಂದು ಅಲ್ಲಿಯವರೆಗೆ ನಾನೇ ದಬಾಯಿಸಿ ನಿಲ್ಲಿಸುತ್ತಿದ್ದೆ. ಆ ಹಲಗೆಯ ಕೆಲಸ ಮುಗಿದ ಮೇಲೆ ಆ ಅಭ್ಯಾಸ ಬಿಟ್ಟೆ. ಜನ ತಾವಾಗಿ ಎಲ್ಲಿ ನಿಲ್ಲುತ್ತಾರೋ ನೋಡಿಕೊಂಡು, ಆಮೇಲೆ ಕ್ಯಾಮೆರಾ ಎತ್ತುತ್ತೇನೆ. ನನ್ನ ಫೋಟೋಗಳು ಚೆನ್ನಾಗಿವೆ ಎಂದು ಯಾರಾದರೂ ಅಂದರೆ ಅದರ ಅರ್ಧ ಹವಾಲ್ದಾರರಿಗೆ ಸೇರಬೇಕಾದ್ದು.

ಆರು ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ಅಂಗಡಿಯಲ್ಲೇ ಎದೆನೋವು ಬಂದು ಅವರು ತೀರಿಕೊಂಡರು. ನಾನೇ ಶೆಟ್ಟಿಕೊಪ್ಪಕ್ಕೆ ಫೋನು ಮಾಡಿದೆ. ಹೆಣ ಹೊರಡುವ ಹೊತ್ತಿಗೆ ಸರಿಯಾಗಿ ಶೆಟ್ಟಿಕೊಪ್ಪದವರು ಬಂದರು. ಸ್ಮಶಾನ ಊರಾಚೆಗೆ, ಒಂದೂವರೆ ಮೈಲಿ, ಕೊನೆಗೆ ಏರು. ಕಾರ್ಯದರ್ಶಿಯವರು ತಮ್ಮ ಜೀಪಿನ ಬಾಗಿಲು ತೆಗೆದು ಹಿಡಿದು, "ಹತ್ತಿ, ಹತ್ತಿ" ಎಂದು ಎರಡು ಸಲ ಹೇಳಿದರು. ಅವರು ಬೇಡವೆಂದು ತಲೆಯಾಡಿಸಿದರು. ಹೆಣದ ಹಿಂದೆಯೇ ಬಿಸಿಲಲ್ಲಿ ನಡೆದರು. ಏರು ಶುರುವಾದ ಕಡೆ ಒಮ್ಮೆ ನಿಂತು, ನನ್ನ ಹೆಗಲ ಮೇಲೆ ಕೈ ಇಟ್ಟರು. ಅಲ್ಲಿಂದ ಮೇಲಿನವರೆಗೆ ಇಬ್ಬರೂ ಹಾಗೇ ಹೋದೆವು.